ಪ್ರಭುದೇವ

ಪ್ರಭುದೇವ (ಜನನ: 3 ಏಪ್ರಿಲ್ 1973, ಮೈಸೂರು) ಹಾಡು ಮತ್ತು ಕುಣಿತಗಳಿಗೆ ಪ್ರಾಧಾನ್ಯವಿರುವ ಚಲನಚಿತ್ರಗಳಿಂದ ಹೆಸರಾದ ಭಾರತೀಯ ನೃತ್ಯ ನಿರ್ದೇಶಕ, ನರ್ತಕ, ನಟ ಹಾಗೂ ಚಿತ್ರ ನಿರ್ದೇಶಕ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರಿನ ಹೆಸರನ್ನು ತಮ್ಮ ಹೆಸರಿನೊಂದಿಗೆ ಸೇರಿಸಿಕೊಂಡು, ದಕ್ಷಿಣ ಭಾರತದ ಚಿತ್ರರಂಗದಲ್ಲಿ ‘ಸುಂದರಂ ಮಾಸ್ಟರ್’ ಎಂದು ಪ್ರಸಿದ್ಧರಾದ ನೃತ್ಯ ನಿರ್ದೇಶಕ ಮೂಗೂರು ಸುಂದರ್ ಇವರ ತಂದೆ. ಪ್ರಭುದೇವ 1989ರಲ್ಲಿ ಸ್ವತಂತ್ರ ನೃತ್ಯ ನಿರ್ದೇಶಕರಾಗಿ, 1994ರಲ್ಲಿ ನಾಯಕನಟರಾಗಿ, 2005ರಲ್ಲಿ ಚಿತ್ರ ನಿರ್ದೇಶಕರಾಗಿ ಕೆಲಸ ಆರಂಭಿಸಿದರು. 2005ರಿಂದ 2021ರವರೆಗೆ ತೆಲುಗು, ತಮಿಳು, ಹಿಂದಿ ಭಾಷೆಗಳಲ್ಲಿ 15 ಚಿತ್ರಗಳನ್ನು ನಿರ್ದೇಶಿಸಿದ್ದಾರೆ. ಅತ್ಯುತ್ತಮ ನೃತ್ಯ ನಿರ್ದೇಶನದ ರಾಷ್ಟ್ರ ಪ್ರಶಸ್ತಿಯನ್ನು ಎರಡು ಬಾರಿ ಪಡೆದಿರುವ ಅವರಿಗೆ 2019ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು. ಬಾಳಿನ ಬಹುಭಾಗವನ್ನು ಚೆನ್ನೈಯಲ್ಲಿ ಕಳೆದ, ಹೆಚ್ಚಿನ ಕೆಲಸವನ್ನು ಅನ್ಯಭಾಷೆಗಳಲ್ಲಿ ಮಾಡಿದ ಈ ಕಲಾವಿದನ ವೃತ್ತಿಯನ್ನು ಅರ್ಥಮಾಡಿಕೊಳ್ಳಬೇಕಾದರೆ, ತಂದೆಯಿಂದ ಮಕ್ಕಳಿಗೆ ಬಂದ ನೃತ್ಯ ನಿರ್ದೇಶನದ ಕಸುಬನ್ನೂ ಆ ಕಸುಬು ಚಿತ್ರೀಕರಣದಲ್ಲಿ ಪಡೆದಿರುವ ಸ್ಥಾನವನ್ನೂ ಮೊದಲು ನೋಡುವುದು ಅಗತ್ಯ.

ಪರಿಭಾಷೆ

ಚಲನಚಿತ್ರದ ಹಾಡಿಗೆ ನಟನಟಿಯರ ಮತ್ತು ಗುಂಪು ನರ್ತಕರ ಚಲನೆಗಳನ್ನು ರೂಪಿಸಿ, ಕಲಿಸಿ, ಚಿತ್ರೀಕರಿಸುವಾತನನ್ನು ನೃತ್ಯ ನಿರ್ದೇಶಕ ಎನ್ನುತ್ತಾರೆ. ಸೆಟ್ಟಿನ ಮಾತಿನಲ್ಲಿ ಆತ ‘ಡಾನ್ಸ್ ಮಾಸ್ಟರ್’ ಅಥವಾ ಬರಿಯ ‘ಮಾಸ್ಟರ್’. ಹಾಡಿನುದ್ದಕ್ಕೂ ಮರುಕಳಿಸುವ, ಪ್ರೇಕ್ಷಕರ ನೆನಪಿನಲ್ಲಿ ಆ ಹಾಡಿನ ಗುರುತಾಗಿ ಉಳಿಯುವ ಒಂದು ಚಲನೆಗೆ ‘ಹುಕ್ ಸ್ಟೆಪ್’ ಎಂಬ ಹೆಸರಿದೆ. ಹಾಡು ಮತ್ತು ಕುಣಿತಗಳ ಮೂಲಕವೇ ಕಥೆ ಮುಂದುವರಿಯುವ ಚಿತ್ರಗಳು ಅಮೆರಿಕದಲ್ಲಿ ‘ಮ್ಯೂಸಿಕಲ್’ ಎಂಬ ಪ್ರತ್ಯೇಕ ಪ್ರಕಾರವಾಗಿ ಬೆಳೆದವು. ಭಾರತದಲ್ಲಿ ಪೌರಾಣಿಕದಿಂದ ಹೊಡೆದಾಟದ ಚಿತ್ರದವರೆಗೆ ಬಹುತೇಕ ಎಲ್ಲ ಬಗೆಯ ಚಿತ್ರಗಳಲ್ಲೂ ಹಾಡುಗಳಿರುವುದರಿಂದ ಅಂಥ ಪ್ರತ್ಯೇಕ ವಿಂಗಡಣೆ ಇಲ್ಲಿ ಗಟ್ಟಿಯಾಗಿ ನೆಲೆಗೊಳ್ಳಲಿಲ್ಲ. ಈ ಲೇಖನದಲ್ಲಿ ‘ಸಂಗೀತಪ್ರಧಾನ ಚಿತ್ರ’ ಎಂಬುದನ್ನು ಹಾಡುಗಳೇ ಮುಖ್ಯ ಆಕರ್ಷಣೆಯಾಗಿ ಕಥೆಯ ತಿರುವುಗಳನ್ನು ಹೊರುವ ಚಿತ್ರ ಎಂಬ ಅರ್ಥದಲ್ಲಿ, ‘ನೃತ್ಯಪ್ರಧಾನ ಚಿತ್ರ’ ಎಂಬುದನ್ನು ನೃತ್ಯವೇ ಕಥಾವಸ್ತುವಾಗಿರುವ ಚಿತ್ರ ಎಂಬ ಅರ್ಥದಲ್ಲಿ ಬಳಸಲಾಗಿದೆ.

ನೆಲದ ಹಿನ್ನೆಲೆ

ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ತಿರುಮಕೂಡಲಿನ ದಕ್ಷಿಣಕ್ಕಿರುವ ಮೂಗೂರು, ತ್ರಿಪುರಸುಂದರಿ ದೇವಾಲಯದಿಂದ ಸುತ್ತಲ ಸೀಮೆಯಲ್ಲಿ ಪ್ರಸಿದ್ಧವಾದ ಊರು. ನೃತ್ಯದ ಇತಿಹಾಸದಲ್ಲಿ ಈ ಊರಿಗೆ ಚಲನಚಿತ್ರಕ್ಕಿಂತ ಹಿಂದಿನ ಹೆಸರೊಂದಿದೆ. ಮೈಸೂರು ಅರಸರ ಆಶ್ರಯದಲ್ಲಿ ಬೆಳೆದು ಇಂದು ಭರತನಾಟ್ಯದ ಮೈಸೂರು ಶೈಲಿ ಎನಿಸಿಕೊಂಡಿರುವ ಪರಂಪರೆಯಲ್ಲಿ ಜಟ್ಟಿ ತಾಯಮ್ಮ ಹಾಗೂ ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಅವರ ಶಾಖೆಯೊಂದಿಗೆ ಮೂಗೂರಿನ ಶಾಖೆಯನ್ನೂ ವಿದ್ವಾಂಸರು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಮೂಗೂರು ಜೇಜಮ್ಮ ಆ ಶಾಖೆಯ ಪ್ರಖ್ಯಾತ ಕಲಾವಿದೆ.

ಕಪಿಲೆಯ ದಡದಲ್ಲೇ ಮೇಲಕ್ಕಿರುವ ನಂಜನಗೂಡಿಗೂ ಈ ಇತಿಹಾಸದಲ್ಲಿ ಪಾಲಿದೆ. ಅರಮನೆಯ ವಿಶೇಷ ಪೋಷಣೆಗೆ ಪಾತ್ರವಾಗಿದ್ದ ಶ್ರೀಕಂಠೇಶ್ವರ ದೇವಾಲಯದಲ್ಲಿ ನರ್ತಕಿಯರ ಸೇವೆ ವಂಶಪಾರಂಪರ್ಯವಾಗಿ ನಡೆಯುತ್ತಿತ್ತು. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ಈ ಸೇವೆಯನ್ನು ಕೊನೆಗೊಳಿಸಿದಾಗ ತಮ್ಮ ಹಕ್ಕನ್ನು ಉಳಿಸಿಕೊಡಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದವರು ನಂಜನಗೂಡಿನ ನರ್ತಕಿಯರು. ದೇವಾಲಯದ ನೆರಳು ತಪ್ಪಿದ ಮೇಲೆ ಕಲೆಯ ಒಂದು ಭಾಗ ಅರಮನೆಯಲ್ಲಿ ಉಳಿಯಿತು, ಇನ್ನೊಂದು ಭಾಗ ಕಾಲಕ್ರಮದಲ್ಲಿ ನಗರದ ನೃತ್ಯಶಾಲೆಗಳ ಪಾಠವಾಯಿತು. ಮೂಗೂರು ಸುಂದರ್ ಅವರ ಕುಟುಂಬವು ಈ ದೇವಾಲಯ ಪರಂಪರೆಯ ಗುರುಶಿಷ್ಯ ಸರಣಿಗೆ ಸೇರಿದುದಲ್ಲ; ಅವರ ಕಸುಬು ಚಿತ್ರೋದ್ಯಮದಲ್ಲಿ ರೂಪುಗೊಂಡಿತು. ಆದುದರಿಂದ ಜೇಜಮ್ಮ ಅವರ ಮೂಗೂರು ಮತ್ತು ಸುಂದರಂ ಮಾಸ್ಟರರ ಮೂಗೂರು ಎಂಬ ಎರಡು ಹೆಸರುಗಳ ನಡುವಿನ ನಂಟು ಊರಿನ ನಂಟೇ ಹೊರತು ಶೈಲಿಯ ನಂಟಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಇವೆರಡನ್ನೂ ಒಂದೇ ಎಳೆಯಾಗಿ ಹೆಣೆದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಕುಟುಂಬ ಮತ್ತು ಶಿಕ್ಷಣ

ಮೂಗೂರು ಸುಂದರ್ ಮದರಾಸಿಗೆ ಹೋದ ಕಾಲದಲ್ಲಿ ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರಗಳಿಗೆ ಆ ನಗರವೇ ಕೇಂದ್ರವಾಗಿತ್ತು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋದಂಥ ಚಿತ್ರೀಕರಣ ಕೇಂದ್ರಗಳಿದ್ದರೂ ಹಾಡಿನ ಧ್ವನಿಮುದ್ರಣ, ಸಂಸ್ಕರಣೆ, ಗುಂಪು ನರ್ತಕರ ಪೂರೈಕೆ ಎಲ್ಲವೂ ಕೋಡಂಬಾಕ್ಕಂ ಮತ್ತು ವಡಪಳನಿ ಪ್ರದೇಶಗಳಲ್ಲೇ ಕೇಂದ್ರೀಕೃತವಾಗಿದ್ದುದರಿಂದ ಕನ್ನಡ ಚಿತ್ರಗಳ ಕಲಾವಿದರೂ ತಂತ್ರಜ್ಞರೂ ಅಲ್ಲಿಯೇ ನೆಲೆಸುವುದು ಅನಿವಾರ್ಯವಾಗಿತ್ತು. ಗುಂಪಿನಲ್ಲಿ ಕುಣಿಯುವವನಾಗಿ ಸೇರಿ, ಸಹಾಯಕನಾಗಿ ದುಡಿದು, ಅನಂತರ ಮಾಸ್ಟರ್ ಆಗುವುದು ಆ ಉದ್ಯಮದ ಏಣಿ. ಸುಂದರ್ ಮಾಸ್ಟರ್ ಎನಿಸಿಕೊಂಡ ಮೇಲೆ ತಮಿಳು, ತೆಲುಗು, ಕನ್ನಡ ಮತ್ತು ಹಿಂದಿ ಚಿತ್ರಗಳಿಗೆ ದಶಕಗಳ ಕಾಲ ನೃತ್ಯ ಸಂಯೋಜಿಸಿದರು.

ಸುಂದರ್ ಮತ್ತು ಮಹದೇವಮ್ಮ ದಂಪತಿಯ ಮೂವರು ಗಂಡುಮಕ್ಕಳಲ್ಲಿ ಪ್ರಭುದೇವ ನಡುವಿನವರು. ಹಿರಿಯರಾದ ರಾಜು ಸುಂದರಂ ಮತ್ತು ಕಿರಿಯರಾದ ನಾಗೇಂದ್ರ ಪ್ರಸಾದ್ ಕೂಡ ನೃತ್ಯ ನಿರ್ದೇಶಕರೇ. ಪ್ರಭುದೇವ ಹುಟ್ಟಿದ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅವರ ಬಾಲ್ಯವು ಮದರಾಸಿನ ಆಳ್ವಾರ್‌ಪೇಟೆಯಲ್ಲಿ ಕಳೆಯಿತು. ಭರತನಾಟ್ಯವನ್ನು ಧರ್ಮರಾಜ್ ಮತ್ತು ಉಡುಪಿ ಲಕ್ಷ್ಮೀನಾರಾಯಣ್ ಅವರಲ್ಲಿ ಕ್ರಮವಾಗಿ ಕಲಿತರು. ಇದರ ಜತೆಗೆ, 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ಟುಗಳ ಮೂಲಕ ಮದರಾಸಿಗೆ ಬಂದ ಮೈಕೆಲ್ ಜಾಕ್ಸನ್ನರ ನೃತ್ಯ, ಅದರಲ್ಲೂ ‘ಥ್ರಿಲ್ಲರ್’ ವಿಡಿಯೊ, ಅವರ ಮೇಲೆ ಆಳವಾದ ಪ್ರಭಾವ ಬೀರಿತು. ಗುರುಮುಖೇನ ಕಲಿತ ಶಾಸ್ತ್ರೀಯ ನೃತ್ಯ, ನೋಡಿ ಕಲಿತ ಪಾಶ್ಚಾತ್ಯ ನೃತ್ಯ, ತಂದೆಯ ಸೆಟ್ಟಿನಲ್ಲಿ ದಿನನಿತ್ಯ ಕಂಡ ಚಲನಚಿತ್ರ ನೃತ್ಯ ಎಂಬ ಮೂರು ಮೂಲಗಳು ಅವರ ಕಲೆಯಲ್ಲಿ ಕೂಡಿದವು.

ಚಿತ್ರದಲ್ಲಿ ಹಾಡಿನ ರಚನೆ

ಚಲನಚಿತ್ರದ ಹಾಡು ಚಿತ್ರೀಕರಣಕ್ಕೆ ಮೊದಲೇ ಧ್ವನಿಮುದ್ರಣಗೊಂಡಿರುತ್ತದೆ. ಸೆಟ್ಟಿನಲ್ಲಿ ಅದನ್ನು ಜೋರಾಗಿ ನುಡಿಸಿ, ನಟರು ಅದಕ್ಕೆ ತುಟಿ ಆಡಿಸುತ್ತ ಕುಣಿಯುತ್ತಾರೆ. ಹಾಡಿಗೆ ಪಲ್ಲವಿ, ಚರಣಗಳು ಹಾಗೂ ಅವುಗಳ ನಡುವೆ ಮಾತಿಲ್ಲದ ವಾದ್ಯಭಾಗ ಇರುತ್ತವೆ. ಪಲ್ಲವಿಯಲ್ಲಿ ಗುರುತಿನ ಚಲನೆಯನ್ನು ನಿಲ್ಲಿಸುವುದು, ಚರಣದಲ್ಲಿ ನಾಯಕ ನಾಯಕಿಯರ ಭಾವಕ್ಕೆ ಎಡೆಮಾಡುವುದು, ತುಟಿ ಆಡಿಸುವ ಹೊರೆ ಇಲ್ಲದ ವಾದ್ಯಭಾಗದಲ್ಲಿ ಕಠಿನವಾದ ಗುಂಪು ನೃತ್ಯವನ್ನು ಇರಿಸುವುದು ರೂಢಿಯ ಕ್ರಮ. ಮಾಸ್ಟರ್ ಇಡೀ ಹಾಡನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಒಡೆದು, ಪ್ರತಿ ತುಣುಕನ್ನು ಎಂಟರ ಎಣಿಕೆಯಲ್ಲಿ ಹೊಂದಿಸಿ, ಸಹಾಯಕರ ಮೂಲಕ ಗುಂಪಿಗೆ ಕಲಿಸಿ, ಬಳಿಕ ಕ್ಯಾಮೆರಾದ ಮುಂದೆ ತರುತ್ತಾನೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚಲನೆ ಎಲ್ಲಿ ಆರಂಭವಾಗಬೇಕು, ಕ್ಯಾಮೆರಾ ಯಾವ ಕೋನದಲ್ಲಿರಬೇಕು, ದೃಶ್ಯವನ್ನು ಎಲ್ಲಿ ಕತ್ತರಿಸಬೇಕು, ಉಡುಪು ಮತ್ತು ಬಣ್ಣ ಹೇಗಿರಬೇಕು ಎಂಬುದನ್ನೆಲ್ಲ ಹಾಡಿನ ಚಿತ್ರೀಕರಣದ ದಿನಗಳಲ್ಲಿ ಬಹುಮಟ್ಟಿಗೆ ಮಾಸ್ಟರ್ ನಿರ್ಧರಿಸುತ್ತಾನೆ. ಚಿತ್ರದ ನಿರ್ದೇಶಕ ಆ ದಿನಗಳಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಹೀಗಾಗಿ ನೂರಾರು ಹಾಡುಗಳನ್ನು ಮುಗಿಸಿದ ನೃತ್ಯ ನಿರ್ದೇಶಕನು ತನ್ನ ಹೆಸರಿನಲ್ಲಿ ಒಂದು ಚಿತ್ರವೂ ಇಲ್ಲದೆಯೇ ನಿರ್ದೇಶನದ ದೀರ್ಘ ಅಭ್ಯಾಸವನ್ನು ಪಡೆದಿರುತ್ತಾನೆ. ಹಾಲಿವುಡ್ಡಿನಲ್ಲಿ ಬಸ್ಬಿ ಬರ್ಕ್‌ಲಿ, ಬಾಬ್ ಫಾಸಿ ಮುಂತಾದವರು, ಹಿಂದಿಯಲ್ಲಿ ಫರಾ ಖಾನ್, ಕನ್ನಡದಲ್ಲಿ ಎ. ಹರ್ಷ ನೃತ್ಯ ನಿರ್ದೇಶನದಿಂದ ಚಿತ್ರ ನಿರ್ದೇಶನಕ್ಕೆ ಬಂದ ದಾರಿ ಇದೇ. ನರ್ತಕನೊಬ್ಬನು ಚಿತ್ರವನ್ನು ನಿರ್ದೇಶಿಸಿದ ಭಾರತೀಯ ನಿದರ್ಶನಗಳಲ್ಲಿ ಉದಯ ಶಂಕರರ ‘ಕಲ್ಪನಾ’ (1948) ಹಳೆಯದು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಾದ ಆ ಚಿತ್ರವು ಉದ್ಯಮದ ಹಾಡುಗಳ ದಾರಿಯಿಂದ ಬಂದುದಲ್ಲವಾದ್ದರಿಂದ ಅದನ್ನು ಬೇರೆಯಾಗಿಯೇ ಎಣಿಸಬೇಕು.

ನೃತ್ಯ ನಿರ್ದೇಶನ

ಪ್ರಭುದೇವ ತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದು ಮಣಿರತ್ನಂ ನಿರ್ದೇಶನದ ತಮಿಳು ಚಿತ್ರ ‘ಮೌನ ರಾಗಂ’ (1986)ನ ಹಾಡೊಂದರಲ್ಲಿ ಕೊಳಲು ಹಿಡಿದ ಹುಡುಗನಾಗಿ; ಅದೇ ನಿರ್ದೇಶಕರ ‘ಅಗ್ನಿ ನಚ್ಚತ್ತಿರಂ’ (1988)ನಲ್ಲಿ ಗುಂಪು ನರ್ತಕರಲ್ಲಿ ಒಬ್ಬರಾಗಿದ್ದರು. ಕಮಲ್ ಹಾಸನ್ ನಾಯಕರಾಗಿದ್ದ ‘ವೆಟ್ರಿ ವಿಳಾ’ (1989) ಅವರು ಸ್ವತಂತ್ರವಾಗಿ ನೃತ್ಯ ಸಂಯೋಜಿಸಿದ ಮೊದಲ ಚಿತ್ರ. ಆಗ ಅವರಿಗೆ ಹದಿನಾರರ ವಯಸ್ಸು. ಶಾಸ್ತ್ರೀಯ ನೃತ್ಯದಲ್ಲಿ ಪಳಗಿದ್ದ ಕಮಲ್ ಹಾಸನ್ನರಂಥ ನಟನಿಗೆ ಆ ವಯಸ್ಸಿನ ಹುಡುಗನೊಬ್ಬ ಮಾಸ್ಟರ್ ಆದುದು ಉದ್ಯಮದಲ್ಲಿ ಗಮನಾರ್ಹ ಸಂಗತಿಯಾಗಿತ್ತು.

1990ರ ದಶಕದ ಆರಂಭದಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ‘ರೋಜಾ’ (1992) ಚಿತ್ರದಿಂದ ಸಂಗೀತ ನಿರ್ದೇಶಕರಾದ ಎ. ಆರ್. ರೆಹಮಾನ್ ಗಣಕಯಂತ್ರದ ಲಯವಾದ್ಯಗಳನ್ನು, ಪದರಪದರವಾದ ಧ್ವನಿಮುದ್ರಣವನ್ನು ಚಿತ್ರಗೀತೆಗೆ ತಂದರು. ಅಂಥ ಲಯದ ಪ್ರತಿಯೊಂದು ಪೆಟ್ಟಿಗೂ ದೇಹದ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಮಿಡಿಸಬಲ್ಲ ನರ್ತಕರಾಗಿ ಪ್ರಭುದೇವ ಅದೇ ಹೊತ್ತಿಗೆ ಸಿದ್ಧರಾಗಿದ್ದರು. ಶಂಕರ್ ನಿರ್ದೇಶನದ ಮೊದಲ ಚಿತ್ರ ‘ಜಂಟಲ್‌ಮ್ಯಾನ್’ (1993)ನ ‘ಚಿಕ್ಕು ಬುಕ್ಕು ರೈಲೇ’ ಹಾಡಿನಲ್ಲಿ ಅವರು ಗೌತಮಿಯೊಂದಿಗೆ ಕುಣಿದರು. ಕಥೆಯಲ್ಲಿ ಯಾವ ಪಾತ್ರವೂ ಇಲ್ಲದ ನರ್ತಕನೊಬ್ಬನು ಆ ಒಂದು ಹಾಡಿನ ಬಲದಿಂದ ಮನೆಮಾತಾದನು.

ಮುಂದಿನ ವರ್ಷದ ‘ಕಾದಲನ್’ ರೆಹಮಾನ್ ಮತ್ತು ಪ್ರಭುದೇವ ಯುಗಳದ ಪೂರ್ಣಫಲ. ಅದರ ‘ಮುಕ್ಕಾಲ ಮುಕಾಬುಲಾ’ ಹಾಡನ್ನು ಅಮೆರಿಕದ ಪಶ್ಚಿಮ ಪ್ರಾಂತದ ಊರಿನಂಥ ಸೆಟ್ಟಿನಲ್ಲಿ ಚಿತ್ರೀಕರಿಸಲಾಗಿದ್ದು, ಅದರ ಕೊನೆಯಲ್ಲಿ ನರ್ತಕನ ತಲೆ, ಕೈ, ಪಾದಗಳು ಮಾಯವಾಗಿ ಟೋಪಿ, ಕೈಗವಸು, ಬೂಟುಗಳಷ್ಟೇ ಕುಣಿಯುವಂತೆ ಗಣಕ ತಂತ್ರದಿಂದ ತೋರಿಸಲಾಗಿದೆ. ತಂತ್ರ ಹೊಸದಾಗಿದ್ದರೂ ಆ ದೃಶ್ಯ ಫಲಿಸಿದ್ದು ಚಲನೆಯ ನಿಖರತೆಯಿಂದ: ದೇಹವೇ ಕಾಣದಿರುವಾಗಲೂ ಕುಣಿಯುತ್ತಿರುವಾತ ಯಾರೆಂಬುದು ಕಾಲಿನ ಗತಿಯಿಂದಲೇ ತಿಳಿಯುತ್ತದೆ. ಈ ಚಿತ್ರದಲ್ಲಿ ಖಳನಾದ ರಾಜ್ಯಪಾಲನ ಪಾತ್ರವನ್ನು ಗಿರೀಶ ಕಾರ್ನಾಡರು, ನಾಯಕನ ತಂದೆಯ ಪಾತ್ರವನ್ನು ಎಸ್. ಪಿ. ಬಾಲಸುಬ್ರಹ್ಮಣ್ಯಂ ನಿರ್ವಹಿಸಿದ್ದರು. ತೆಲುಗು ಮತ್ತು ಹಿಂದಿಗೆ ಡಬ್ ಆದ ಚಿತ್ರವು ಪ್ರಭುದೇವ ಅವರನ್ನು ಇಡೀ ದೇಶಕ್ಕೆ ಪರಿಚಯಿಸಿತು.

ರಾಜೀವ್ ಮೆನನ್ ನಿರ್ದೇಶನದ ‘ಮಿನ್ಸಾರ ಕನವು’ (1997) ಚಿತ್ರದ ನೃತ್ಯ ಸಂಯೋಜನೆಗಾಗಿ ಅವರಿಗೆ ಮೊದಲ ರಾಷ್ಟ್ರ ಪ್ರಶಸ್ತಿ ಬಂತು. ಅದೇ ಚಿತ್ರಕ್ಕಾಗಿ ರೆಹಮಾನ್, ಗಾಯಕಿ ಚಿತ್ರಾ ಮತ್ತು ಬಾಲಸುಬ್ರಹ್ಮಣ್ಯಂ ಕೂಡ ರಾಷ್ಟ್ರ ಪ್ರಶಸ್ತಿ ಪಡೆದರು. ಫರ್ಹಾನ್ ಅಖ್ತರ್ ನಿರ್ದೇಶನದ ಹಿಂದಿ ಚಿತ್ರ ‘ಲಕ್ಷ್ಯ’ (2004)ದಲ್ಲಿ ಹೃತಿಕ್ ರೋಷನ್ನರಿಗಾಗಿ ಸಂಯೋಜಿಸಿದ ‘ಮೈ ಐಸಾ ಕ್ಯೂಂ ಹೂಂ’ ಹಾಡು ಎರಡನೆಯ ಬಾರಿ ಅದೇ ಪ್ರಶಸ್ತಿಯನ್ನು ತಂದಿತು. ಗುರಿಯಿಲ್ಲದ ಯುವಕನ ಗೊಂದಲವನ್ನು ಸೊಂಟ, ಭುಜ, ಮೊಣಕಾಲುಗಳ ಅಸಂಬದ್ಧವೆನಿಸುವ ತಿರುವುಗಳಲ್ಲಿ ಹಿಡಿದ ಈ ಸಂಯೋಜನೆಯು ಹಾಡಿನ ಅರ್ಥವನ್ನು ಮುದ್ರೆಗಳ ನೆರವಿಲ್ಲದೆ ಚಲನೆಯ ಗುಣದಿಂದಲೇ ಹೇಳುತ್ತದೆ. ಅವರ ಕೆಲಸಗಳಲ್ಲಿ ಇದನ್ನು ಅತ್ಯುತ್ತಮವೆನ್ನಲು ಸಕಾರಣವಿದೆ. ಈ ಎರಡು ಪ್ರಶಸ್ತಿಗಳ ನಡುವೆ, 1999ರ ಜೂನ್ ತಿಂಗಳಲ್ಲಿ ಮ್ಯೂನಿಕ್ ನಗರದಲ್ಲಿ ಮೈಕೆಲ್ ಜಾಕ್ಸನ್ ಏರ್ಪಡಿಸಿದ್ದ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ರೆಹಮಾನರ ಸಂಗೀತಕ್ಕೆ ಶೋಭನಾ ಅವರೊಡನೆ ಪ್ರಭುದೇವ ನರ್ತಿಸಿದರು. ಕ್ಯಾಸೆಟ್ ನೋಡಿ ಕಲಿತ ಕಲೆಯನ್ನು ಅದರ ಮೂಲ ಕಲಾವಿದನ ಕಾರ್ಯಕ್ರಮದಲ್ಲೇ ಮೆರೆದ ಸಂದರ್ಭವದು.

ಶೈಲಿ

ಪ್ರಭುದೇವ ಅವರ ಶೈಲಿಯ ತಳಹದಿ ಪಾಶ್ಚಾತ್ಯ ನೃತ್ಯವೆಂಬ ಸಾಮಾನ್ಯ ಅಭಿಪ್ರಾಯ ಪೂರ್ತಿ ಸರಿಯಲ್ಲ. ಸ್ನಾಯುಗಳನ್ನು ಥಟ್ಟನೆ ಬಿಗಿದು ಸಡಿಲಿಸಿ ದೇಹ ಜರ್ಕು ಹೊಡೆದಂತೆ ತೋರಿಸುವ ‘ಪಾಪಿಂಗ್’, ಮುಂದೆ ನಡೆಯುವಂತೆ ಕಾಣುತ್ತ ಹಿಂದಕ್ಕೆ ಜಾರುವ ‘ಮೂನ್‌ವಾಕ್’ ಇವು ಜಾಕ್ಸನ್ನರಿಂದ ಬಂದವು ನಿಜ. ಆದರೆ ಅವುಗಳ ಜತೆಗೆ, ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತ ಭಂಗಿಯಾದ ಭರತನಾಟ್ಯದ ಅರೆಮಂಡಿ, ನೆಲಕ್ಕೆ ಪಾದವನ್ನು ಪೂರ್ತಿ ತಟ್ಟುವ ಅಡವು, ಕಣ್ಣು ಮತ್ತು ಹುಬ್ಬುಗಳ ಅಭಿನಯ ಅವರ ಕುಣಿತದಲ್ಲಿ ಉದ್ದಕ್ಕೂ ಇವೆ. ಮೂರನೆಯದಾಗಿ, ತಮಿಳುನಾಡಿನ ಬೀದಿ ಮೆರವಣಿಗೆಗಳ ತಮಟೆ ಲಯದ ಕುಣಿತವಾದ ‘ಡಪ್ಪಾಂಕುತ್ತು’ ಅವರ ಹಾಡುಗಳಿಗೆ ನೆಲದ ಕಸುವನ್ನು ಕೊಟ್ಟಿತು. ಮೈಸೂರು ಸೀಮೆಯ ಜಾತ್ರೆಗಳಲ್ಲಿ ತಮಟೆಗೆ ಹಾಕುವ ಹೆಜ್ಜೆಯನ್ನು ಬಲ್ಲವರಿಗೆ ಈ ಲಯ ಅಪರಿಚಿತವೆನಿಸದು. ಶಾಸ್ತ್ರೀಯ, ಪಾಶ್ಚಾತ್ಯ, ಬೀದಿ ಕುಣಿತ ಈ ಮೂರನ್ನೂ ಒಂದೇ ಎಂಟರ ಎಣಿಕೆಯೊಳಗೆ, ಒಂದರಿಂದ ಮತ್ತೊಂದಕ್ಕೆ ಹೊರಳುವ ಜಾಗ ಗೊತ್ತಾಗದಂತೆ ಹೊಂದಿಸುವುದು ಅವರ ವಿಶಿಷ್ಟತೆ.

ಇನ್ನೊಂದು ಲಕ್ಷಣ ಹಾಸ್ಯ. ಚಾಪ್ಲಿನ್ನನನ್ನು ನೆನಪಿಸುವ, ದೇಹದ ಸೋಲನ್ನೇ ಚಲನೆಯಾಗಿಸುವ ಗುಣ ಅವರ ಕುಣಿತಕ್ಕಿದೆ. ಅವರು ಸಂಯೋಜಿಸಿದ ‘ಮಾರಿ 2’ (2018) ಚಿತ್ರದ ‘ರೌಡಿ ಬೇಬಿ’ ಹಾಡಿನಲ್ಲಿ ಧನುಷ್ ಮತ್ತು ಸಾಯಿ ಪಲ್ಲವಿ ಅವರ ಕುಣಿತದ ಸೊಗಸು ಬಹುಪಾಲು ಈ ಗುಣದಿಂದ ಬಂದುದು. ಯೂಟ್ಯೂಬಿನಲ್ಲಿ ನೂರು ಕೋಟಿಗಿಂತ ಹೆಚ್ಚು ಬಾರಿ ವೀಕ್ಷಣೆಗೊಂಡ ದಕ್ಷಿಣ ಭಾರತದ ಹಾಡುಗಳಲ್ಲಿ ಅದು ಸೇರಿದೆ.

ನಟನೆ

‘ಇಂದು’ (1994) ಪ್ರಭುದೇವ ನಾಯಕರಾಗಿ ನಟಿಸಿದ ಮೊದಲ ಚಿತ್ರ. ‘ಕಾದಲನ್’ ಬಳಿಕ ‘ಲವ್ ಬರ್ಡ್ಸ್’ (1996), ‘ಮಿಸ್ಟರ್ ರೋಮಿಯೊ’ (1996), ‘ವಿಐಪಿ’ (1997) ಮುಂತಾದವು ಬಂದವು. ಈ ಚಿತ್ರಗಳಲ್ಲಿ ನಾಯಕನ ಪಾತ್ರವು ಹಾಡುಗಳ ಸುತ್ತ ಕಟ್ಟಿದುದಾಗಿದ್ದು, ನಟನೆಗಿಂತ ಕುಣಿತಕ್ಕೇ ಪ್ರೇಕ್ಷಕರು ಬಂದರು. ಹಿಂದಿಯ ‘ಪುಕಾರ್’ (2000)ನಲ್ಲಿ ಮಾಧುರಿ ದೀಕ್ಷಿತರೊಂದಿಗೆ ಕುಣಿದ ‘ಕೇ ಸೆರಾ ಸೆರಾ’ ಹಾಡು ಪ್ರಸಿದ್ಧ. ನೃತ್ಯಪ್ರಧಾನ ಚಿತ್ರಗಳಲ್ಲಿ ರೆಮೊ ಡಿಸೋಜ ನಿರ್ದೇಶನದ ‘ಎಬಿಸಿಡಿ’ (2013) ಮುಖ್ಯವಾದುದು. ಮೂರು ಆಯಾಮದ ತಂತ್ರದಲ್ಲಿ ತಯಾರಾದ ಈ ಚಿತ್ರದಲ್ಲಿ ಅವರು ಬೀದಿ ಹುಡುಗರಿಗೆ ನೃತ್ಯ ಕಲಿಸುವ ಗುರುವಿನ ಪಾತ್ರ ವಹಿಸಿದರು. ‘ಎಬಿಸಿಡಿ 2’ (2015), ‘ಸ್ಟ್ರೀಟ್ ಡಾನ್ಸರ್’ (2020), ತಮಿಳಿನ ‘ಲಕ್ಷ್ಮಿ’ (2018) ಇದೇ ಸಾಲಿನವು. ಮಾತೇ ಇಲ್ಲದ ‘ಮರ್ಕ್ಯುರಿ’ (2018)ಯಲ್ಲಿ ಕಾರ್ತಿಕ್ ಸುಬ್ಬರಾಜ್ ಅವರನ್ನು ಭಯಹುಟ್ಟಿಸುವ ಪಾತ್ರದಲ್ಲಿ ಬಳಸಿಕೊಂಡಿದ್ದು, ದೇಹಭಾಷೆಯ ಮೇಲಿನ ಅವರ ಹಿಡಿತ ನೃತ್ಯದ ಹೊರಗೂ ಕೆಲಸಕ್ಕೆ ಬರುವುದನ್ನು ತೋರಿಸುತ್ತದೆ.

ಚಿತ್ರ ನಿರ್ದೇಶನ

ಅವರು ನಿರ್ದೇಶಿಸಿದ ಮೊದಲ ಚಿತ್ರ ತೆಲುಗಿನ ‘ನುವ್ವೊಸ್ತಾನಂಟೇ ನೇನೊದ್ದಂಟಾನಾ’, 2005ರ ಸಂಕ್ರಾಂತಿಗೆ ತೆರೆಕಂಡಿತು. ಎಂ. ಎಸ್. ರಾಜು ನಿರ್ಮಾಪಕರು, ದೇವಿ ಶ್ರೀ ಪ್ರಸಾದ್ ಸಂಗೀತ ನಿರ್ದೇಶಕರು. ಸಿದ್ಧಾರ್ಥ್, ತ್ರಿಷಾ, ಶ್ರೀಹರಿ ಮುಖ್ಯ ಪಾತ್ರಗಳಲ್ಲಿದ್ದರು. ಹೊರದೇಶದಲ್ಲಿ ಬೆಳೆದ ಸಿರಿವಂತ ಯುವಕನೊಬ್ಬ ಹಳ್ಳಿಯ ಹುಡುಗಿಯನ್ನು ಪಡೆಯಲು ಅವಳಣ್ಣನ ಹೊಲದಲ್ಲಿ ದುಡಿದು ಬೆಳೆ ತೆಗೆದು ತೋರಿಸಬೇಕಾಗುವ ಈ ಕಥೆಯಲ್ಲಿ ಹಾಡುಗಳು ಕಥೆಯನ್ನು ತಡೆದು ನಿಲ್ಲಿಸುವುದಿಲ್ಲ. ಕಾಲ ಸರಿದುದನ್ನೂ ಪಾತ್ರಗಳ ಮನಸ್ಸು ಬದಲಾದುದನ್ನೂ ಅವೇ ಹೇಳುತ್ತವೆ. ಸಂಗೀತಪ್ರಧಾನ ಚಿತ್ರದ ಮೇಲೆ ವಿವರಿಸಿದ ಅರ್ಥಕ್ಕೆ ಅವರ ಚಿತ್ರಗಳಲ್ಲಿ ಇದೇ ಅತ್ಯಂತ ಹತ್ತಿರದ್ದು. ಚಿತ್ರವು ಹಲವು ಭಾಷೆಗಳಿಗೆ ಹೋಯಿತು: ಕನ್ನಡದಲ್ಲಿ ‘ನೀನೆಲ್ಲೋ ನಾನಲ್ಲೇ’ (2006) ಎಂದೂ ಹಿಂದಿಯಲ್ಲಿ ಸ್ವತಃ ಪ್ರಭುದೇವ ನಿರ್ದೇಶನದಲ್ಲಿ ‘ರಾಮಯ್ಯಾ ವಸ್ತಾವಯ್ಯಾ’ (2013) ಎಂದೂ ಮರುನಿರ್ಮಾಣಗೊಂಡಿತು.

ಎರಡನೆಯ ಚಿತ್ರ ‘ಪೌರ್ಣಮಿ’ (2006) ನೃತ್ಯಪ್ರಧಾನವಾದುದು. ಹನ್ನೆರಡು ವರ್ಷಗಳಿಗೊಮ್ಮೆ ಹುಣ್ಣಿಮೆಯಂದು ಶಿವನ ಗುಡಿಯಲ್ಲಿ ಒಂದು ಮನೆತನದ ಹೆಣ್ಣುಮಗಳು ನರ್ತಿಸಬೇಕಾದ ಸಂಪ್ರದಾಯ ಅದರ ವಸ್ತು. ಗುಡಿ ಮತ್ತು ನೃತ್ಯದ ನಂಟನ್ನು ನೇರವಾಗಿ ಕೈಗೆತ್ತಿಕೊಂಡ ಅವರ ಒಂದೇ ಚಿತ್ರವಿದು.

‘ಪೋಕ್ಕಿರಿ’ (ತಮಿಳು, 2007) ದಿಕ್ಕನ್ನು ಬದಲಿಸಿತು. ಪುರಿ ಜಗನ್ನಾಥರ ತೆಲುಗು ಚಿತ್ರದ ಮರುನಿರ್ಮಾಣವಾದ ಇದು ವಿಜಯ್ ನಾಯಕತ್ವದಲ್ಲಿ ದೊಡ್ಡ ಯಶಸ್ಸು ಕಂಡಿತು. ಅದೇ ಕಥೆಯನ್ನು ಹಿಂದಿಯಲ್ಲಿ ಸಲ್ಮಾನ್ ಖಾನ್ ಅವರೊಂದಿಗೆ ‘ವಾಂಟೆಡ್’ (2009) ಎಂದು ತೆಗೆದಾಗ ಹಿಂದಿಯಲ್ಲಿ ದಕ್ಷಿಣದ ಹೊಡೆದಾಟದ ಚಿತ್ರಗಳ ಮರುನಿರ್ಮಾಣದ ಅಲೆಗೆ ಅದು ಬಲ ಕೊಟ್ಟಿತು. ನಡುವೆ ಚಿರಂಜೀವಿ ಅವರ ‘ಶಂಕರ್ ದಾದಾ ಜಿಂದಾಬಾದ್’ (2007) ಹಾಗೂ ವಿಜಯ್ ಅವರ ‘ವಿಲ್ಲು’ (2009), ಅನಂತರ ‘ಎಂಗೇಯುಂ ಕಾದಲ್’ ಮತ್ತು ‘ವೆಡಿ’ (ಎರಡೂ 2011) ಬಂದವು. ‘ರೌಡಿ ರಾಥೋರ್’ (2012) ಎಸ್. ಎಸ್. ರಾಜಮೌಳಿಯವರ ‘ವಿಕ್ರಮಾರ್ಕುಡು’ ಚಿತ್ರದ ಹಿಂದಿ ರೂಪ. ಇದೇ ಕಥೆ ಸುದೀಪ್ ನಿರ್ದೇಶನ ಮತ್ತು ನಟನೆಯ ‘ವೀರ ಮದಕರಿ’ (2009)ಯಾಗಿ ಕನ್ನಡಕ್ಕೆ ಮೊದಲೇ ಬಂದಿತ್ತು. ‘ಆರ್... ರಾಜ್‌ಕುಮಾರ್’ (2013), ‘ಆ್ಯಕ್ಷನ್ ಜಾಕ್ಸನ್’ (2014), ‘ಸಿಂಗ್ ಈಸ್ ಬ್ಲಿಂಗ್’ (2015) ಅದೇ ಮಾದರಿಯಲ್ಲಿ ನಡೆದವು. ಸುದೀಪ್ ಖಳನಾಯಕರಾಗಿದ್ದ ‘ದಬಂಗ್ 3’ (2019) ಹಿಂದಿಯೊಂದಿಗೆ ಕನ್ನಡ ಮಾತಿನಲ್ಲೂ ತೆರೆಕಂಡಿತು. ‘ರಾಧೆ’ (2021) ಅವರ ನಿರ್ದೇಶನದ ಹದಿನೈದನೆಯ ಚಿತ್ರ.

ಈ ಚಿತ್ರಗಳ ಕಟ್ಟಡವನ್ನು ನೋಡಿದರೆ ಮಾಸ್ಟರನ ಕೈ ಎದ್ದು ಕಾಣುತ್ತದೆ. ಹೊಡೆದಾಟವೂ ಹಾಡಿನಂತೆ ಎಣಿಕೆಗೆ ಹೊಂದಿಕೊಂಡಿರುತ್ತದೆ. ನಾಯಕನ ಪ್ರವೇಶ ಒಂದು ಹಾಡಿನಿಂದ ಆಗುತ್ತದೆ. ನಾಯಕನಿಗೊಂದು ಗುರುತಿನ ಚಲನೆ ಇದ್ದೇ ಇರುತ್ತದೆ. ಆದರೆ ಹಾಡುಗಳು ಕಥೆಯಿಂದ ದೂರ ಸರಿದು, ಬಿಡಿಬಿಡಿಯಾದ ಪ್ರದರ್ಶನಗಳಾಗಿ ನಿಂತವು. ಮೊದಲ ಎರಡು ಚಿತ್ರಗಳಲ್ಲಿ ಹಾಡು ಮತ್ತು ಕಥೆಗಳ ನಡುವೆ ಅವರು ಸಾಧಿಸಿದ್ದ ಬೆಸುಗೆ ಮುಂದಿನ ಹದಿಮೂರರಲ್ಲಿ ಅಪರೂಪ. ನಿರ್ದೇಶಕರಾಗಿ ಅವರ ಗಳಿಕೆ ದೊಡ್ಡದಿದ್ದರೂ, ಭಾರತೀಯ ಚಲನಚಿತ್ರ ಕಲೆಗೆ ಅವರ ಸ್ಥಿರವಾದ ಕೊಡುಗೆ ನೃತ್ಯ ನಿರ್ದೇಶನದಲ್ಲಿಯೇ ಇದೆ.

ಕನ್ನಡ ಚಿತ್ರಗಳೊಂದಿಗಿನ ಸಂಬಂಧ

ಕುಟುಂಬದ ಕನ್ನಡ ಕೆಲಸವು ಮೂಗೂರು ಸುಂದರ್ ಅವರಿಂದ ಆರಂಭವಾಗಿ ಮಕ್ಕಳಲ್ಲಿ ಬಿಟ್ಟುಬಿಟ್ಟು ಮುಂದುವರಿಯಿತು. ನಾಗೇಂದ್ರ ಪ್ರಸಾದ್ ‘ಚಿತ್ರ’ (2001) ಚಿತ್ರದಲ್ಲಿ ನಾಯಕರಾಗಿದ್ದರು. ತಂದೆಯೇ ನಿರ್ದೇಶಿಸಿದ ‘ಮನಸೆಲ್ಲಾ ನೀನೇ’ (2002)ಯಲ್ಲೂ ಅವರೇ ನಾಯಕ. ‘123’ (2002) ಚಿತ್ರದಲ್ಲಿ ಮೂವರು ಸಹೋದರರೂ ಒಟ್ಟಿಗೆ ನಟಿಸಿದರು.

ಪ್ರಭುದೇವ ಅವರ ಕನ್ನಡ ಪಾತ್ರಗಳಲ್ಲ‍ಿ ‘ಎಚ್2ಓ’ (2002) ವಿಶೇಷವಾಗಿ ಉಲ್ಲೇಖನೀಯ. ಉಪೇಂದ್ರ ಅವರ ಕಥೆಯ ಈ ಚಿತ್ರವು ಕಾವೇರಿ ನೀರಿನ ವಿವಾದವನ್ನು ಪ್ರೇಮತ್ರಿಕೋನದ ರೂಪಕವಾಗಿ ಹೇಳುತ್ತದೆ: ನಾಯಕಿಯ ಹೆಸರು ಕಾವೇರಿ, ಅವಳನ್ನು ಪ್ರೀತಿಸುವ ಕನ್ನಡಿಗನಾಗಿ ಉಪೇಂದ್ರ, ತಮಿಳನಾಗಿ ಪ್ರಭುದೇವ. ಕಾವೇರಿ ಹರಿಯುವ ತಾಲ್ಲೂಕಿನ ಬೇರುಳ್ಳ, ಮದರಾಸಿನಲ್ಲಿ ಬೆಳೆದ ಕನ್ನಡಿಗನೊಬ್ಬನು ಕನ್ನಡ ಚಿತ್ರದಲ್ಲಿ ತಮಿಳನ ಪಾತ್ರ ವಹಿಸಿದುದು ಆ ಎರಡು ನೆಲಗಳ ನಡುವೆ ಅವರ ಸ್ಥಾನ ಎಂಥದೆಂಬುದನ್ನು ಬೇರಾವ ಚಿತ್ರಕ್ಕಿಂತ ಚೆನ್ನಾಗಿ ಹೇಳುತ್ತದೆ.

ನಾಗೇಂದ್ರ ಪ್ರಸಾದ್ ಕನ್ನಡದಲ್ಲಿ ನಿರ್ದೇಶಿಸಿದ ‘ಲಕ್ಕಿ ಮ್ಯಾನ್’ (2022) ಪುನೀತ್ ರಾಜ್‌ಕುಮಾರ್ ಅವರ ನಿಧನಾನಂತರ ತೆರೆಕಂಡ ಚಿತ್ರಗಳಲ್ಲೊಂದು. ಡಾರ್ಲಿಂಗ್ ಕೃಷ್ಣ ನಾಯಕರಾದ ಅದರಲ್ಲಿ ಪುನೀತ್ ದೇವರ ಪಾತ್ರದಲ್ಲಿದ್ದು, ಒಂದು ಹಾಡಿನಲ್ಲಿ ಪ್ರಭುದೇವ ಅವರೊಂದಿಗೆ ಕುಣಿದಿದ್ದಾರೆ. ಕನ್ನಡದ ಶ್ರೇಷ್ಠ ನರ್ತಕ ನಟನೊಬ್ಬನೂ ಮೂಗೂರಿನ ಮಾಸ್ಟರನ ಮಗನೂ ಒಟ್ಟಿಗೆ ಹೆಜ್ಜೆ ಹಾಕಿದ ಈ ದಾಖಲೆ ಅಮೂಲ್ಯವಾದುದು. ಯೋಗರಾಜ್ ಭಟ್ ನಿರ್ದೇಶನದ ‘ಕರಟಕ ದಮನಕ’ (2024)ದಲ್ಲಿ ಪ್ರಭುದೇವ ಶಿವರಾಜ್‌ಕುಮಾರ್ ಅವರೊಂದಿಗೆ ಮುಖ್ಯ ಪಾತ್ರ ವಹಿಸಿದರು. ವಿ. ಹರಿಕೃಷ್ಣ ಸಂಗೀತದ ಈ ಚಿತ್ರದಲ್ಲಿ ಉತ್ತರ ಕರ್ನಾಟಕದ ಜಾನಪದ ಧಾಟಿಯ ಹಾಡಿಗೆ ಇಬ್ಬರೂ ಕುಣಿದಿದ್ದಾರೆ. ಅವರ ನಿರ್ದೇಶನದ 15 ಚಿತ್ರಗಳಲ್ಲಿ ಕನ್ನಡದ್ದು ಒಂದೂ ಇಲ್ಲ.

ಗೌರವಗಳು

ಎರಡು ರಾಷ್ಟ್ರ ಪ್ರಶಸ್ತಿಗಳಲ್ಲದೆ, ಭಾರತ ಸರ್ಕಾರವು 2019ರಲ್ಲಿ ನೃತ್ಯ ವಿಭಾಗದಲ್ಲಿ ಪದ್ಮಶ್ರೀ ನೀಡಿತು. ಅದೇ ವರ್ಷ ಕರ್ನಾಟಕದಿಂದ ಈ ಗೌರವಕ್ಕೆ ಪಾತ್ರರಾದವರಲ್ಲಿ ಸಾಲುಮರದ ತಿಮ್ಮಕ್ಕ, ಸರೋದ್ ವಾದಕ ರಾಜೀವ ತಾರಾನಾಥ್ ಇದ್ದರು. ಸಹೋದರ ರಾಜು ಸುಂದರಂ ತೆಲುಗಿನ ‘ಜನತಾ ಗ್ಯಾರೇಜ್’ (2016) ಚಿತ್ರದ ಹಾಡಿಗಾಗಿ ನೃತ್ಯ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಪಡೆದಿರುವುದರಿಂದ ಇಬ್ಬರು ಸಹೋದರರಿಗೆ ಒಟ್ಟು ಮೂರು ಬಾರಿ ಈ ಪ್ರಶಸ್ತಿ ಬಂದಂತಾಗಿದೆ.

ಈಗಿನ ಸ್ಥಿತಿ

‘ರಾಧೆ’ ನಂತರ ಪ್ರಭುದೇವ ನಟನೆ ಮತ್ತು ನೃತ್ಯ ನಿರ್ದೇಶನಗಳಲ್ಲಿ ಹೆಚ್ಚಾಗಿ ತೊಡಗಿದ್ದಾರೆ. 2024ರಲ್ಲಿ ಕನ್ನಡದ ‘ಕರಟಕ ದಮನಕ’ ಅಲ್ಲದೆ ವಿಜಯ್ ಅವರೊಂದಿಗೆ ತಮಿಳಿನ ‘ದಿ ಗ್ರೇಟೆಸ್ಟ್ ಆಫ್ ಆಲ್ ಟೈಮ್’ ಮತ್ತು ನಾಯಕರಾಗಿ ‘ಪೇಟ್ಟ ರ‍್ಯಾಪ್’ ತೆರೆಕಂಡವು. ಕೊನೆಯದರ ಹೆಸರು ‘ಕಾದಲನ್’ ಚಿತ್ರದ ಹಾಡೊಂದರಿಂದ ತೆಗೆದುಕೊಂಡುದು. ಇಂದು ಹಾಡಿನ ಗುರುತಿನ ಚಲನೆಯನ್ನು ಮೊಬೈಲ್ ಫೋನಿನ ಕಿರು ವಿಡಿಯೊಗೆ ಹೊಂದುವಂತೆ, ಯಾರಾದರೂ ಸುಲಭವಾಗಿ ಅನುಕರಿಸುವಂತೆ ರೂಪಿಸುವುದು ಉದ್ಯಮದ ಬೇಡಿಕೆಯಾಗಿದೆ. ಅನುಕರಿಸಲು ಕಷ್ಟವಾದ ಚಲನೆಗಳಿಂದ ಪ್ರಸಿದ್ಧರಾದ ನೃತ್ಯ ನಿರ್ದೇಶಕರೂ ಈ ಬೇಡಿಕೆಯೊಳಗೇ ಕೆಲಸ ಮಾಡಬೇಕಾಗಿದೆ. ‘ಚಿಕ್ಕು ಬುಕ್ಕು ರೈಲೇ’, ‘ಮುಕ್ಕಾಲ ಮುಕಾಬುಲಾ’ ಹಾಡುಗಳು ಶಾಲಾ ವಾರ್ಷಿಕೋತ್ಸವಗಳಲ್ಲಿ, ದೂರದರ್ಶನ ವಾಹಿನಿಗಳ ನೃತ್ಯ ಸ್ಪರ್ಧೆಗಳಲ್ಲಿ ಈಗಲೂ ಕುಣಿಯಲ್ಪಡುತ್ತಿದ್ದು, 2020ರ ‘ಸ್ಟ್ರೀಟ್ ಡಾನ್ಸರ್’ ಚಿತ್ರದಲ್ಲಿ ‘ಮುಕಾಬುಲಾ’ ಹೊಸ ರೂಪದಲ್ಲಿ ಬಂದಾಗ ಅದಕ್ಕೆ ತೆರೆಯ ಮೇಲೆ ಹೆಜ್ಜೆ ಹಾಕಿದವರಲ್ಲಿ ಪ್ರಭುದೇವ ಅವರೂ ಇದ್ದರು.